ತಳದ ಸೀಸ

ದುರ್ಗದಬೈಲಿನಿಂದ ನಾಕು ಹೆಜ್ಜಿ ಒಳಗ
ನಂದು ತಕ್ಕಡಿ ರಿಪೇರಿ ಅಂಗಡಿ.
ತೂಕದ ಕಲ್ಲಿನ ತಳದಾಗ ಒಂದು ತೂತು ಇರತೈತಿ, ನೋಡೀರೇನು?
ಅದರಾಗ ಸೀಸ ಹೊಯ್ದು, ಸೀಸದ ಮ್ಯಾಲೆ ಸರಕಾರದ ಮುದ್ರಿ.
ಖರೇ ಅನ್ನೂದು ಇರೂದು ಅಲ್ಲೇ,
ಯಾರೂ ಹೊಳ್ಳಿಸಿ ನೋಡದ ಜಾಗಾದಾಗ.
ನಮ್ಮಪ್ಪ ಹೊಳ್ಳಿಸಿ ನೋಡತಿದ್ದ.
ಕೆದರಿದ ಸೀಸ ಕಂಡರ
ಕಲ್ಲು ಸಪ್ಪಳಾಗದಂಗ ಮಗ್ಗಲಿಗೆ ಇಟ್ಟು
ಗಿರಾಕಿಗೆ ಮೊದಲು ಚಾ ತರಸತಿದ್ದ.

ನಿತಿನ ಬದ್ದಿ ಬಂದಾಂವ ಚಾ ಬ್ಯಾಡಂದ.
ಲ್ಯಾಪ್‌ಟಾಪ್ ನನ್ನ ಕಾಟಾದ ಮ್ಯಾಲೇ ಇಟ್ಟ,
ಎರಡು ಕಿಲೋ ನೂರಾ ಹತ್ತು ಗ್ರಾಂ.
"ಕಾಕಾ, ಗೂಗಲ್ಲಿನಾಗ ನೀವು ಐದನೇ ಪೇಜಿಗೆ ಅದೀರಿ.
ಐದನೇ ಪೇಜು ಅಂದ್ರ ಸುಡುಗಾಡು.
ನಲವತ್ತು ಸೈಟು ನಿಮ್ಮ ಕಡೆ ಬೊಟ್ಟು ಮಾಡಿ ತೋರಸತಾವ,
ನಲವತ್ತೂ ಬ್ಯಾರೆ ಬ್ಯಾರೆ ಊರಿನವು,
ಒಂದೊಂದು ಲಿಂಕೂ ಒಂದೊಂದು ತೂಕ."
ತೂಕ ಅಂದನಲ್ಲ, ಅಲ್ಲೇ ಸಿಕ್ಕೊಂಡೆ ನಾ.
ಹದಿನೆಂಟು ಸಾವಿರ. ಪಾವತಿ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಮೂರು ತಿಂಗಳು ಫೋನ್ ಬಂದದ್ದು ಸುಳ್ಳಲ್ಲ.
ಕೊಪ್ಪಳದವರು ಬಂದರು, ಕಾರವಾರದ ಮೀನಿನವರು ಬಂದರು,
ಸವಣೂರಿನ ಗುಜರಿಯವ ಒಂದು ಟನ್ನಿನ ಕಾಟಾ ಒಯ್ದ.
ಮನ್ಯಾಗ ಫ್ರಿಜ್ ಬಂತು. ಅದೂ ಸುಳ್ಳಲ್ಲ.

ಒಂದು ರಾತ್ರಿ ನಿದ್ದಿ ಬರಲಿಲ್ಲಂತ
ನನ್ನ ಸಾಕ್ಷಿದಾರರನ್ನ ಒಬ್ಬೊಬ್ಬರನ್ನ ನೋಡಕೋತ ಹೋದೆ.
ಮೈಸೂರಿನ ಹಲ್ಲಿನ ಡಾಕ್ಟರೊಬ್ಬರು
ದವಡಿ ಹಲ್ಲಿನ ನೋವು ಹೇಳಕೋತ ಹೇಳಕೋತ
ನಡುವ "ಹುಬ್ಬಳ್ಳಿಯ ಉತ್ತಮ ತಕಡಿ" ಅಂತ ನೆನಸ್ಯಾರ.
ಹಿಮಾಲಯ ಹತ್ತಾಂವ ಹದಿನೈದು ಸಾವಿರ ಅಡಿ ಮ್ಯಾಲೆ
ಉಸಿರು ಸಿಗದಾಗೂ ನನ್ನ ಅಂಗಡಿ ಮರತಿಲ್ಲ.
ನಾಯಿಮರಿಗೆ ಜ್ವರ ಬಂದರೂ ನಾನೇ,
ಮೊಟ್ಟಿ ಇಲ್ಲದ ಕೇಕಿಗೂ ನಾನೇ.
ಎಲ್ಲಾರೂ ಒಂದು ಒತ್ತು ಕಡಿಮಿ ಕೊಟ್ಟಾರ,
ತಕಡಿ, ತಕಡಿ, ತಕಡಿ.

ಅಮರಗೋಳದ ಸವಾಲಿನಾಗ ನೋಡೀನಿ ನಾ,
ಒಬ್ಬನೇ ಸಾವಕಾರನ ಐದು ಆಳು
ಐದು ಹೆಸರಿಲೆ ದರ ಕೂಗೂದು.
ಕಾಲಾಗ ನೋಡಿದರ
ಐದೂ ಜೋಡಿ ಚಪ್ಪಲಿ ಒಂದೇ ಅಂಗಡೀವು.
ಅಪ್ಪ ಇದ್ದಿದ್ರ ಈಗ ಚಾ ಹೇಳತಿದ್ದ.

ಶ್ರಾವಣ ಮುಗಿಯೂದಕ್ಕ ಫೋನ್ ನಿಂತವು.
ಐದನೇ ಪೇಜಿನಾಗೂ ನಾ ಇಲ್ಲ.
"ತಪಾಸಣಿ ಆತು ಕಾಕಾ, ರಾತ್ರೋರಾತ್ರಿ,
ಇನ್ನೂ ಅರವತ್ತು ಹಾಕೋಣೇನು?" ಅಂದ ನಿತಿನ.
ಜೀಪಿಲ್ಲ, ಟೊಪಗಿ ಇಲ್ಲ,
ಯಾರೋ ಬಂದು ಕಲ್ಲು ಹೊಳ್ಳಿಸಿ ನೋಡಿ ಹೋಗಿದ್ರು.

ರೊಕ್ಕಾ ಕೇಳಾಕ ಕೇಶ್ವಾಪುರಕ್ಕ ಹೋದೆ.
ಬೇಕರಿ ಮ್ಯಾಲಿನ ಖೋಲಿ, ಒಂದು ಫ್ಯಾನು.
ಮೈಸೂರು, ಶಿಮ್ಲಾ, ಕೊಚ್ಚಿ ಎಲ್ಲಾ ಒಂದೇ ಟೇಬಲ್ಲಿನ ಮ್ಯಾಲೆ,
ಟೇಬಲ್ಲಿಗೆ ಒಬ್ಬಾಕಿ ಹುಡುಗಿ, ಭೂಮಿಕಾ ಕುಂದಗೋಳ,
ಬಿಕಾಂ ಎರಡನೇ ವರ್ಷ.
ಹಲ್ಲಿನ ಡಾಕ್ಟರು ಅಕೀನೇ.
ಹಿಮಾಲಯ ಹತ್ತಿದಾಕೀನೂ ಅಕೀನೇ,
ನೃಪತುಂಗ ಬೆಟ್ಟ ಬಿಟ್ಟು ಬ್ಯಾರೆ ಗುಡ್ಡ ಕಂಡಿಲ್ಲಂತ.
ಒಂದು ಬರಹಕ್ಕ ಮೂವತ್ತೈದು ರೂಪಾಯಿ,
ಎರಡು ತಿಂಗಳದ್ದು ಬಾಕಿ.
ನಿತಿನ ಇರಲಿಲ್ಲ. ನಾ ಯಾರಂತ ಹೇಳಿದೆ.
ಎದ್ದು ನಿಂತಳು ಅಕಿ,
ನಲವತ್ತು ಊರಿನ ಮಂದಿ ಒಮ್ಮೆಲೇ ಎದ್ದಂಗ.
"ಅಂಕಲ್, ಒಂದು ಕೇಳಲೇನು?
ಬರಿವಾಗೆಲ್ಲಾ ಅನುಮಾನ ಬರತಿತ್ತು.
ತಕ್ಕಡಿಗೆ ಒಂದು 'ಕ' ಏನು, ಎರಡೇನು?"
"ಎರಡವ್ವಾ," ಅಂದೆ.
"ಮ್ಯಾಲೊಂದು, ಕೆಳಗೊಂದು."

ಅಕಿ ಕುಂತು ತಿದ್ದಾಕ ಹತ್ತಿದಳು.
ಮೈಸೂರು ಆತು. ಶಿಮ್ಲಾ ಆತು.
ಕೆಳಗಿಂದ ಬ್ರೆಡ್ಡು ಬೇಯೂ ವಾಸನಿ.
ರೊಕ್ಕಾ ಕೇಳೂದು ಮರತು
ಇಪ್ಪತ್ಮೂರನೇ ಊರಿನ ತನಕಾ ನಿಂತು ನೋಡಿದೆ.